ಕಪ್ಪೆಚಿಪ್ಪಿನ ತೊಟ್ಟಿ: ಫೆಬ್ರವರಿಯಿಂದ ಆಗಸ್ಟ್‌ವರೆಗೆ

ಫೆಬ್ರವರಿ

ಈ ತೊಟ್ಟಿ ತಂದದ್ದು ಸಮುದ್ರದ ನೀರು ತುಂಬಿಸೋಕೆ. ಮೂರಡಿ ಉದ್ದ, ಅಗಲ ಎತ್ತರ ಒಂದೂವರೆ ಅಡಿ. ಬೆಂಗಳೂರಿನ ಗೆಳೆಯನ ರೀಫ್ ಅಕ್ವೇರಿಯಂ (ಹವಳ ಸಾಕುವ ಉಪ್ಪುನೀರಿನ ತೊಟ್ಟಿ) ನೋಡಿ ಬಂದವನಿಗೆ ಟ್ರೈಡಾಕ್ನಾ ಹುಚ್ಚು ಹಿಡಿದಿತ್ತು. ನೀಲಿ ಹಸಿರು ಅಂಚಿನ ಆ ದೊಡ್ಡ ಚಿಪ್ಪು ಇದೆಯಲ್ಲ, ಅದೇ. ಅದರ ಮಾಂಸದೊಳಗೇ ಪಾಚಿ ಮನೆ ಮಾಡಿಕೊಂಡಿರುತ್ತದೆ. ಮೇಲಿಂದ ಬೆಳಕು ಬಿದ್ದರೆ ಪಾಚಿ ಅನ್ನ ಬೇಯಿಸುತ್ತದೆ, ಚಿಪ್ಪು ಉಣ್ಣುತ್ತದೆ. ಹಾಗಾಗಿ ಅದನ್ನು ಎಲ್ಲಿಡಬೇಕು ಅನ್ನೋದು ಮುಖ್ಯವಾಗಿ ಬೆಳಕಿನ ಲೆಕ್ಕ. ನಾನು ಮೊದಲು ಕೊಂಡದ್ದೂ ಒಂದು ದುಬಾರಿ ಎಲ್‌ಇಡಿ ಲೈಟನ್ನೇ.

ಆಮೇಲೆ ಓದಿದೆ. ಲಕ್ಷದ್ವೀಪ, ಅಂಡಮಾನ್ ಕಡೆ ಸಿಗುವ ಮ್ಯಾಕ್ಸಿಮಾ, ಸ್ಕ್ವಾಮೋಸಾ ಅನ್ನೋ ಟ್ರೈಡಾಕ್ನಾ ಜಾತಿಗಳೆರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಸಂರಕ್ಷಿತ ಪ್ರಾಣಿಗಳ ಪಟ್ಟಿಯಲ್ಲಿವೆ. ಕಲ್ಲು ಹವಳವೂ ಅಷ್ಟೇ. ಮೊದಲು ಓದಿ ಆಮೇಲೆ ಲೈಟ್ ಕೊಳ್ಳಬೇಕಿತ್ತು, ಅಲ್ವಾ?

ತಿಂಗಳ ಕೊನೆಗೆ ಆಲ್ದೂರು ಹತ್ತಿರ ಚಿಕ್ಕಪ್ಪನ ತೋಟಕ್ಕೆ ಹೋಗಿದ್ದೆ. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಿ ಕೆರೆ ಅರ್ಧ ಇಳಿದಿತ್ತು. ದಂಡೆಯ ಕೆಸರಲ್ಲಿ ಯಾರೋ ಬೆರಳಿಂದ ಗೀರಿದ ಹಾಗೆ ಉದ್ದುದ್ದ ಗೆರೆಗಳು. ಒಂದು ಗೆರೆ ಹಿಡಿದು ಹೋದರೆ ಕೊನೆಯಲ್ಲಿ ಕಪ್ಪೆಚಿಪ್ಪು. ನಮ್ಮ ಕೆರೆಗಳಲ್ಲಿ ಸಾಮಾನ್ಯವಾಗಿ ಕಾಣುವ ಲ್ಯಾಮೆಲ್ಲಿಡೆನ್ಸ್ ಮಾರ್ಜಿನಾಲಿಸ್ ಇದು. ಸಿಹಿನೀರಿನ ಮುತ್ತು ಬೆಳೆಯೋಕೂ ಇದನ್ನೇ ಬಳಸುತ್ತಾರೆ.

ನಾಲ್ಕು ತಂದೆ. ಚಿಕ್ಕಪ್ಪ ಬಕೆಟ್ ಇಣುಕಿ, "ಎಂತ ಮಾರಾಯ, ಇದನ್ನೂ ಸಾಕ್ತಾರಾ?" ಅಂದರು.

ಮಾರ್ಚ್

ಹೆಂಡತಿಯ ನೇಲ್ ಪಾಲಿಶ್‌ನಿಂದ ಚುಕ್ಕೆ ಇಟ್ಟೆ. ಒಂದು ಚುಕ್ಕೆ, ಎರಡು, ಮೂರು, ನಾಲ್ಕು. ಅಡುಗೆಮನೆ ತಕ್ಕಡಿಯಲ್ಲಿ ತೂಕ: 71, 64, 58, 49 ಗ್ರಾಂ. (ತಕ್ಕಡಿ ಈಗ ನನ್ನದೇ. ಅಡುಗೆಮನೆಗೆ ಹೊಸದು ಕೊಡಿಸಿದ್ದಾಯಿತು.)

ತಳಕ್ಕೆ ಜರಡಿ ಹಿಡಿದ ಸಣ್ಣ ಮರಳು, ನಾಲ್ಕು ಇಂಚು. ಜಲ್ಲಿ ಹಾಕಬೇಡಿ, ಅದರಲ್ಲಿ ಹೂತುಕೊಳ್ಳೋಕೆ ಆಗಲ್ಲ. ಜಾಗ ಆರಿಸುವ ಉತ್ಸಾಹದಲ್ಲಿ ನಾಲ್ಕನ್ನೂ ಗಾಜಿನ ಪಕ್ಕ ಸಾಲಾಗಿ ನೆಟ್ಟೆ, ಕೂತು ನೋಡೋಕೆ ಚೆನ್ನಾಗಿರಲಿ ಅಂತ. ಬೆಳಿಗ್ಗೆ ಎದ್ದರೆ ಮೂರು ಹಿಂದಿನ ಮೂಲೆಯಲ್ಲಿ. ನಡುವೆ ನೇಗಿಲು ಹೊಡೆದ ಹಾಗೆ ಸಾಲು, ಮೂರು ಗಿಡ ಬುಡಸಮೇತ ಮೇಲೆ ತೇಲುತ್ತಿದ್ದವು. ಟ್ರೈಡಾಕ್ನಾ ಆದರೆ ಒಮ್ಮೆ ನೂಲು ಬಿಟ್ಟು ಬಂಡೆ ಹಿಡಿಯಿತೆಂದರೆ ಅಲ್ಲೇ, ಕಿತ್ತರೆ ಗಾಯ. ಇದು ಹಾಗಲ್ಲ, ಕಾಲಿರುವ ಪ್ರಾಣಿ. ಈಗ ಮರಳ ಮೇಲೆ ಸುಮ್ನೆ ಅಡ್ಡ ಮಲಗಿಸಿ ಬಿಡುತ್ತೇನೆ. ಬೇಕಾದ ಕಡೆ ಅದೇ ಹೂತುಕೊಳ್ಳುತ್ತದೆ. ಎರಡು ತೂತು ಮಾತ್ರ ಹೊರಗೆ: ಒಂದು ನೀರು ಎಳೆಯೋಕೆ, ಒಂದು ಬಿಡೋಕೆ. ದಿನಗಟ್ಟಲೆ ಮರಳ ಮೇಲೆ ಅಲೆಯುತ್ತಾ ಇದ್ದರೆ ಏನೋ ಸರಿಯಿಲ್ಲ ಅಂತ.

ನಮ್ಮ ಬಾವಿ ನೀರು ತೀರಾ ಮೆದು. ಪಿಎಚ್ 6.4, ಕೆಎಚ್ (ನೀರಿನ ಕಾರ್ಬೊನೇಟ್ ಗಡಸುತನ) 2. ಇಂಥ ನೀರಲ್ಲಿ ಚಿಪ್ಪು ಸವೆಯುತ್ತದೆ. ಕೆರೆಯಿಂದ ತಂದಾಗಲೇ ಕೀಲಿನ ಹತ್ತಿರ ಸಿಪ್ಪೆ ಎದ್ದು ಬಿಳಿ ಕಾಣುತ್ತಿತ್ತು. ಮಂಗಳೂರಿನ ನೆಂಟರ ಮನೆಯಲ್ಲಿ ಮರುವಾಯಿ ಸುಕ್ಕ ತಿಂದು ಬರುವಾಗ ಖಾಲಿ ಚಿಪ್ಪು ಒಂದು ಚೀಲ ಕಟ್ಟಿಸಿಕೊಂಡು ಬಂದೆ. ಕುದಿಸಿ, ಜಜ್ಜಿ ಫಿಲ್ಟರ್ ಒಳಗೆ ಹಾಕಿದೆ. ಅದರ ಸುಣ್ಣ ಕರಗಿ ಮೂರು ವಾರದಲ್ಲಿ ಕೆಎಚ್ 5.

ಏಪ್ರಿಲ್

ತೂಕ 69, 62, 57, 47. ನಾಲ್ಕೂ ಇಳಿದಿವೆ.

ಕಪ್ಪೆಚಿಪ್ಪು ಸಾಕಿದವರು ಬಹಳ ಮಂದಿ ಎಡವುವುದು ಇಲ್ಲೇ. ನೀರು ಕನ್ನಡಿ ಥರ ಇದೆ ಅಂತ ಖುಷಿಪಡುತ್ತೇವೆ. ಕಪ್ಪೆಚಿಪ್ಪಿಗೆ ಅದು ಖಾಲಿ ತಟ್ಟೆ. ನೀರಲ್ಲಿ ತೇಲುವ ಪಾಚಿ, ಬ್ಯಾಕ್ಟೀರಿಯಾ, ಕೊಳೆತ ಪುಡಿ, ಇವೇ ಅದರ ಊಟ. ಫಿಲ್ಟರ್ ಎಲ್ಲವನ್ನೂ ಮೊದಲೇ ಎಳೆದುಕೊಳ್ಳುತ್ತದೆ. ಹಸಿದದ್ದು ಹೊರಗೆ ಕಾಣುವುದೂ ಇಲ್ಲ. ತಿಂಗಳುಗಟ್ಟಲೆ ಸೊರಗಿ, ಒಂದು ದಿನ ಬಾಯಿ ತೆರೆದು ಸತ್ತಿರುತ್ತದೆ.

ತಾರಸಿಯ ಮೇಲೆ ಬಿಳಿ ಟಬ್ ಇಟ್ಟೆ. ತೊಟ್ಟಿಯ ಹಳೇ ನೀರು, ಚಿಟಿಕೆ ಸಗಣಿ, ಬಿಸಿಲು. ಹತ್ತು ದಿನದಲ್ಲಿ ಪಾಲಕ್ ರಸದ ಬಣ್ಣ. ಒಂದು ಭಾನುವಾರ ಎರಡು ಗಾಜಿನ ಭರಣಿಗೆ ಈ ಹಸಿರು ನೀರು ತುಂಬಿಸಿ, ಒಂದರಲ್ಲಿ ಮಾತ್ರ ಎರಡು ಚುಕ್ಕೆಯವಳನ್ನು ಬಿಟ್ಟೆ. ತಿಂಡಿ ಹೊತ್ತಿಗೆ ಬಿಟ್ಟದ್ದು. ಊಟದ ಹೊತ್ತಿಗೆ ಅವಳ ಭರಣಿಯಾಚೆ ಇಟ್ಟ ಪೇಪರ್ ಓದಬಹುದಿತ್ತು. ಮಗಳು ಇನ್ನೊಂದಕ್ಕೂ ಹಾಕು ಅಂತ ಒಂದೇ ಹಟ.

ಅಂದಿನಿಂದ ದಿನಾ ಸಂಜೆ ಒಂದು ಲೀಟರ್ ಹಸಿರು ನೀರು, ಎರಡು ಗಂಟೆ ಫಿಲ್ಟರ್ ಬಂದ್. ಗಾಳಿ ಪಂಪು ಮಾತ್ರ ಓಡುತ್ತಿರುತ್ತದೆ.

ಮೇ 27

ಮೂರು ಚುಕ್ಕೆಯದು ಸತ್ತಿತು. ತಪ್ಪು ನನ್ನದೇ.

ತೋಟದಿಂದ ಬರುವಾಗ ಕೆರೆ ನೀರು ತರೋಣ ಅಂತ ಶೆಡ್ಡಿನಲ್ಲಿದ್ದ ಬಕೆಟ್ ಎತ್ತಿಕೊಂಡೆ. ಎರಡು ಸಲ ತೊಳೆದಿದ್ದೆ. ಮಳೆಗೆ ಮೊದಲು ಕಾಫಿಗೆ ಬೋರ್ಡೋ ದ್ರಾವಣ ಹೊಡೆಯುವ ಸಮಯ ಅನ್ನೋದು ತಲೆಗೇ ಬರಲಿಲ್ಲ. ಸಂಜೆ ನೀರು ಹಾಕಿದೆ, ಬೆಳಿಗ್ಗೆ ನಾಲ್ಕೂ ಬಿಗಿಯಾಗಿ ಮುಚ್ಚಿ ಕೂತಿದ್ದವು. ಬಕೆಟ್ ಬಿಸಿಲಿಗೆ ಹಿಡಿದು ನೋಡಿದರೆ ಅಂಚಿನ ಕೆಳಗೆ ತೆಳು ನೀಲಿ. ಬೋರ್ಡೋದಲ್ಲಿರುವ ಮೈಲುತುತ್ತ, ಅಂದರೆ ತಾಮ್ರದ ಉಪ್ಪು. ಎಲೆ ತುಕ್ಕಿಗೆ ಅದು ಔಷಧಿ, ಚಿಪ್ಪಿನ ಪ್ರಾಣಿಗಳಿಗೆ ತೀರಾ ಕಡಿಮೆ ಪ್ರಮಾಣದಲ್ಲೂ ವಿಷ. ಮೀನಿನ ಕೆಲವು ಔಷಧಿಗಳಲ್ಲೂ ತಾಮ್ರ ಇರುತ್ತದೆ, ಚೀಟಿ ಓದದೆ ಹಾಕಬೇಡಿ.

ಅರ್ಧ ನೀರು ಬದಲಿಸಿದೆ, ಮರುದಿನ ಮತ್ತೆ ಅರ್ಧ. ಮೂರನೇ ದಿನ ಆ ಒಂದು ಬಾಯಿ ಬಿಟ್ಟಿತ್ತು. ಮುಟ್ಟಿದರೂ ಮುಚ್ಚಲಿಲ್ಲ. ಸತ್ತದ್ದನ್ನು ಕೂಡಲೇ ತೆಗೆಯಬೇಕು. ರಾತ್ರಿ ಕಳೆಯುವಷ್ಟರಲ್ಲಿ ಅಮೋನಿಯಾ ಆಗಲೇ 1 ಪಿಪಿಎಂ ಮುಟ್ಟಿತ್ತು. ವಾಸನೆ ಬಗ್ಗೆ ಬರೆಯಲ್ಲ.

ಜುಲೈ

ಚಿಕ್ಕಮಗಳೂರಲ್ಲಿ ಸೂರ್ಯನಿಗೆ ರಜೆ. ತಾರಸಿ ಟಬ್ ಮಳೆನೀರು ತುಂಬಿ ತಿಳಿಯಾಯಿತು. ಹಸಿರಿಲ್ಲ, ಊಟವಿಲ್ಲ. ಸ್ಪಿರುಲಿನಾ ಪುಡಿ (ಒಣಗಿಸಿದ ನೀಲಿಹಸಿರು ಪಾಚಿ) ಕದಡಿ ಹಾಕಿದೆ, ಅರ್ಧ ತಳಕ್ಕೆ ಕೂತು ನೀರು ಕೆಡಿಸಿತು.

ಆಗ ಅಟ್ಟದ ಮೇಲಿದ್ದ ರೀಫ್ ಲೈಟ್ ನೆನಪಾಯಿತು. ಐದು ಲೀಟರಿನ ಎರಡು ನೀರಿನ ಕ್ಯಾನ್, ತಲಾ ಒಂದು ಗಾಳಿ ಕೊಳವೆ, ಪಕ್ಕದಲ್ಲಿ ಆ ಲೈಟ್, ದಿನಕ್ಕೆ ಹನ್ನೆರಡು ಗಂಟೆ. ಎಂಟನೇ ದಿನ ಹಸಿರು. ಒಂದರಿಂದ ತೆಗೆಯುವಾಗ ಇನ್ನೊಂದು ಬೆಳೆಯುತ್ತದೆ. ಟ್ರೈಡಾಕ್ನಾ ತನ್ನ ಮೈಯೊಳಗೆ ಮಾಡುವ ಬೇಸಾಯವನ್ನು ನಾನು ಕ್ಯಾನಿನಲ್ಲಿ ಮಾಡಿ ಲೋಟದಲ್ಲಿ ಹೊತ್ತು ಹಾಕುತ್ತಿದ್ದೇನೆ, ಅಷ್ಟೇ. ಕರೆಂಟ್ ಹೋದಾಗ ಗಾಳಿ ಪಂಪುಗಳಿಗೆ ಮಾತ್ರ ಯುಪಿಎಸ್.

ಆಗಸ್ಟ್

ತೂಕ 72, 64, 50. ಒಂದು ಚುಕ್ಕೆಯ ಚಿಪ್ಪಿನ ಅಂಚಲ್ಲಿ ಉಗುರಿನಷ್ಟು ತೆಳ್ಳಗೆ ಹೊಸ ಹಸಿರು ಕಂದು ಗೆರೆ ಬಂದಿದೆ. ಮರಿ ಆಗುತ್ತವಾ ಅಂತ ಮಗಳು ಕೇಳುತ್ತಾಳೆ. ಇವುಗಳ ಮರಿ ಮೊದಲು ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿ ಕೆಲವು ದಿನ ಬೆಳೆಯಬೇಕು. ನಮ್ಮ ತೊಟ್ಟಿಯಲ್ಲಿ ಮೀನೇ ಇಲ್ಲ. ಮಳೆ ನಿಂತ ಮೇಲೆ ಅದೇ ಕೆರೆಯ ಸಣ್ಣ ಮೀನು ನಾಲ್ಕು ತರಬೇಕು. ಬಕೆಟ್ ಮನೆಯಿಂದಲೇ ಒಯ್ಯುತ್ತೇನೆ.