ಗೋವಾದ ಮಣ್ಣಿನಲ್ಲಿ ನಮ್ಮ ಮುಳಗಾಯಿ ಬರುತ್ತದೆಯೇ?

ಊರಿನಿಂದ ಬಂದ ನೆಂಟರು ಹಿತ್ತಿಲಿಗೆ ಇಳಿದ ಕೂಡಲೇ ಕೇಳುವುದು ಒಂದೇ ಮಾತು: "ಬೆಳಗಾವಿಯಿಂದ ದಿನವೂ ಲಾರಿಗಟ್ಟಲೆ ಕಾಯಿಪಲ್ಲೆ ಬರುತ್ತದೆ. ನೀವೇಕೆ ಇಲ್ಲಿ ಮಣ್ಣು ಕೆದರುತ್ತೀರಿ? ಏನಾದರೂ ಬೆಳೆದೀತೇ?"

ಮೊದಲ ಮಾತು ನಿಜ. ದಾರಿಯ ಚೋರ್ಲಾ ಘಟ್ಟದಲ್ಲಿ ಲಾರಿ ಸಿಕ್ಕಿಬಿದ್ದರೆ ನಮ್ಮ ಪೇಟೆ ಮಾಪುಸಾದಲ್ಲಿ ಕೊತ್ತಂಬರಿಯ ಬೆಲೆ ಕೇಳಲಾಗದು. ಎರಡನೆಯದಕ್ಕೆ ನನ್ನ ಉತ್ತರ: ಬೆಳೆಯುತ್ತದೆ, ಆದರೆ ನಮ್ಮ ಧಾರವಾಡದ ಕಡೆಯ ಲೆಕ್ಕ ಹಿಡಿದು ಬಿತ್ತಿದವನಿಗಲ್ಲ. ಆ ಲೆಕ್ಕ ಬಿಡಲು ನನಗೆ ನಾಲ್ಕು ವರ್ಷ ಹಿಡಿಯಿತು.

ಉತ್ತರ ಗೋವಾದ ಬಾರ್ದೇಶ ತಾಲ್ಲೂಕಿನಲ್ಲಿ ನಮ್ಮದು 20 ಗುಂಟೆ. ಮೊದಲ ವರ್ಷ ರೋಹಿಣಿ ಮಳೆ ಬಿತ್ತೆಂದು ಅಪ್ಪ ಮಾಡುತ್ತಿದ್ದಂತೆಯೇ ಮೆಂತ್ಯ, ಕೊತ್ತಂಬರಿ, ಮೂಲಂಗಿ ಚೆಲ್ಲಿದೆ. ಇಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಧಾರವಾಡದ ಮೂರು ಪಟ್ಟಿಗೂ ಹೆಚ್ಚು. ಮೃಗಶಿರಾ ಬರುವಷ್ಟರಲ್ಲಿ ನನ್ನ ಬೀಜಗಳೆಲ್ಲ ಪಕ್ಕದ ಮನೆಯ ಚರಂಡಿ ಸೇರಿದ್ದವು. ಆ ಮನೆಯ ಅಜ್ಜಿ ನಕ್ಕು, ಮಳೆಗಾಲದಲ್ಲಿ ನೆಲ ನಂಬಬೇಡ, ಚಪ್ಪರ ನಂಬು ಎಂದರು. ಹೀರೆ, ಹಾಗಲ, ಪಡವಲ, ಸೌತೆ. ನೆಲದ ಮೇಲೆ ನಿಲ್ಲುವುದಾದರೆ ಉದ್ದನೆಯ ಏಳು ಏಣಿನ ಊರ ಬೆಂಡೆ. ಸೊಪ್ಪುಸದೆಯ ಕಾಲ ದಸರೆಯ ನಂತರ.

ಹೆಚ್ಚು ಕಾಡಿದ್ದು ಮುಳಗಾಯಿ, ಅಂದರೆ ಬದನೆ. ಎಣ್ಣೆಗಾಯಿಗೆ ಬೇಕಾದ ಹಸಿರು ಗುಂಡುಗಾಯಿಯ ಬೀಜವನ್ನು ಊರಿನಿಂದ ತಂದಿದ್ದೆ. ಗಿಡ ಸೊಂಪಾಗಿ ಬಂದು ಹೂ ಬಿಟ್ಟಿತು. ಒಂದು ಮಧ್ಯಾಹ್ನ ಎಲೆಗಳು ಹಸಿರಾಗಿರುವಂತೆಯೇ ಜೋತುಬಿದ್ದವು. ಬಾಯಾರಿದೆ ಎಂದು ನೀರು ಸುರಿದೆ. ವಾರದೊಳಗೆ ಇಡೀ ಸಾಲು ಸತ್ತಿತು. ಪರಿಚಯದ ಕೃಷಿ ಅಧಿಕಾರಿಯೊಬ್ಬರು ಕಾಂಡವನ್ನು ಓರೆಯಾಗಿ ಕತ್ತರಿಸಿ, ಗಾಜಿನ ಲೋಟದ ನೀರಿನಲ್ಲಿ ತುದಿ ಅದ್ದಿ ಹಿಡಿದರು. ಹಾಲಿನ ಎಳೆಯಂಥ ಬಿಳಿದೊಂದು ಕೆಳಗಿಳಿಯಿತು. ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ. ಅದು ಮಣ್ಣಿನಲ್ಲಿಯೇ ವರ್ಷಗಟ್ಟಲೆ ಕುಳಿತಿರುತ್ತದೆ, ಹರಿಯುವ ನೀರಿನೊಂದಿಗೆ ಗಿಡದಿಂದ ಗಿಡಕ್ಕೆ ಹೋಗುತ್ತದೆ. ನಾನು ನೀರುಣಿಸಿದ್ದು ರೋಗಕ್ಕೆ! ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ ಬದನೆಯ ಬಳಗದವೇ, ಅವಕ್ಕೂ ಈ ರೋಗ ತಗಲುತ್ತದೆ. ಹಾಗಾಗಿ ಮರುವರ್ಷ ಅಲ್ಲಿಯೇ ಟೊಮೆಟೊ ನೆಟ್ಟ ನನ್ನ ಜಾಣತನದ ಕಥೆ ಬಿಡಿಸಿ ಹೇಳಬೇಕಿಲ್ಲ.

ಮಣ್ಣಿನದೂ ಪಾಲಿದೆ. ಎರೆಮಣ್ಣಿನಲ್ಲಿ ಕಾಲು ಹೂತು ಬೆಳೆದವನಿಗೆ ಈ ಜಂಬಿಟ್ಟಿಗೆಯ ನೆಲ ಅರ್ಥವಾಗುವುದೇ ಇಲ್ಲ. ಒಂದು ಗೇಣು ಕೆಂಪುಮಣ್ಣು, ಅದರಡಿ ಕಲ್ಲು. ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬ್ಯುಕಾನನ್ 1807ರಲ್ಲಿ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಇದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟ. ಕನ್ನಡದ ಹೆಸರಿನೊಳಗೂ ಇಟ್ಟಿಗೆ ಕುಳಿತಿದೆ, ನೋಡಿ. ಇದು ಹುಳಿಮಣ್ಣು; ನಮ್ಮದರ ಪರೀಕ್ಷೆಯಲ್ಲಿ ಪಿಎಚ್ 5.4 ಬಂತು. ಈಗ ಮಳೆ ನಿಂತ ಮೇಲೆ ಸುಣ್ಣ ಎರಚುತ್ತೇನೆ, ದರಗು ಮತ್ತು ಸಗಣಿಗೊಬ್ಬರದಿಂದ ಮಡಿ ಏರಿಸುತ್ತೇನೆ.

ಗೆದ್ದದ್ದರಲ್ಲಿ ಮೊದಲನೆಯದು ಇಲ್ಲಿಯವರು ತಾಂಬಡಿ ಭಾಜಿ ಎನ್ನುವ ಕೆಂಪು ಹರಿವೆ. ತಿಂಗಳೊಳಗೆ ಕಿತ್ತು ಕಟ್ಟು ಕಟ್ಟಿ ಮಾಪುಸಾದ ಶುಕ್ರವಾರದ ಸಂತೆಗೆ ಒಯ್ದರೆ ಹತ್ತು ಗಂಟೆಗೆ ಬುಟ್ಟಿ ಖಾಲಿ. ಎರಡನೆಯದು ಅಲಸಂದೆ; ಭತ್ತ ಕೊಯ್ದ ಗದ್ದೆಯ ಉಳಿದ ತೇವದಲ್ಲಿಯೇ ಬಂದುಬಿಡುತ್ತದೆ. ಕೊಂಕಣಿಯಲ್ಲಿಯೂ ಹೆಸರು 'ಅಳಸಾಂದೆ', ಅದೊಂದು ಬಂಧುತ್ವ. ಸುವರ್ಣಗಡ್ಡೆಯ ಆರೈಕೆ ನನ್ನಂಥ ಸೋಮಾರಿಗೂ ಸಾಧ್ಯ.

ಹಣ್ಣಿನಲ್ಲಿ ಬಾಳೆ ಗೆದ್ದಿತು. ದಾಳಿಂಬೆ ಹಾಕಿದ್ದು ಮೂರ್ಖತನ. ಒಣಹವೆಯ ಗಿಡ ಈ ಮಳೆಯಲ್ಲಿ ಚುಕ್ಕೆರೋಗ ಹತ್ತಿ ಕಾಯಿ ಸೀಳಿಕೊಂಡಿತು. ಪಪ್ಪಾಯಿಯನ್ನು ಬುಡದಲ್ಲಿ ನೀರು ನಿಂತು ಕೊಳೆಸಿತು, ಉಳಿದದ್ದು ಮಂಗಗಳ ಪಾಲಾಯಿತು. ಮಾನಕುರಾದ್ ಮಾವು ಒಂದು ವರ್ಷ ಬಿಟ್ಟು ಒಂದು ವರ್ಷ ಕೊಡುತ್ತದೆ. ಕೊಟ್ಟ ವರ್ಷ ಹಣ್ಣುನೊಣದ ಗಂಡುಗಳನ್ನು ವಾಸನೆಯಿಂದ ಸೆಳೆಯುವ ಮಿಥೈಲ್ ಯೂಜಿನಾಲ್ ಬಲೆ ಕಟ್ಟದಿದ್ದರೆ ಹಣ್ಣಿನೊಳಗೆ ಹುಳು. ನವಿಲಿನ ಮಾತು ಎತ್ತಲೇಬಾರದು. ಅದನ್ನು ಬೆಳೆಹಾನಿ ಮಾಡುವ ಪ್ರಾಣಿಗಳ ಪಟ್ಟಿಗೆ ಸೇರಿಸುವ ಮಾತು 2016ರಲ್ಲಿ ಇಲ್ಲಿನ ಸರಕಾರದ ಮಟ್ಟದಲ್ಲಿಯೇ ಎದ್ದಾಗ ದೇಶವೆಲ್ಲ ಹೌಹಾರಿತ್ತು. ಮೊಳಕೆಯ ಸಾಲನ್ನು ಬೆಳಗಿನ ಜಾವ ಕಳೆದುಕೊಂಡ ನಾನು ಹೌಹಾರಲಿಲ್ಲ.

ಮುಳಗಾಯಿಯ ಹಟ ಮಾತ್ರ ಬಿಟ್ಟಿಲ್ಲ. ಸೊರಗು ರೋಗವನ್ನು ತಾಳಿಕೊಳ್ಳುವ ಸುಂಡೆಗಿಡದ ಬುಡಕ್ಕೆ ಹೋದ ಚೌತಿಯ ಹೊತ್ತಿಗೆ ನಮ್ಮ ಊರಿನ ಬದನೆಯ ಕುಡಿಯನ್ನು ಕಸಿ ಕಟ್ಟಿದೆ. ಹತ್ತರಲ್ಲಿ ಆರು ಬದುಕಿದವು. ಎಳ್ಳಮಾವಾಸ್ಯೆಗೆ ಏಳು ಕಾಯಿ ಸಿಕ್ಕವು. ನೆಂಟರು ಹನ್ನೊಂದು ಜನ ಬಂದಿದ್ದರು. ಉಳಿದದ್ದನ್ನು ಬೆಳಗಾವಿಯ ಲಾರಿ ಬರುವ ಅಂಗಡಿಯಿಂದಲೇ ತಂದು, ಯಾರಿಗೂ ಹೇಳದೆ, ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿದೆವು.