ಅರವತ್ತನೆಯ ವಿಭಾಗದಲ್ಲಿ ಒಂದು ಸೋಮವಾರ

ಅಮೆರಿಕದಲ್ಲಿ ಮೇ ತಿಂಗಳ ಕೊನೆಯ ಸೋಮವಾರ ಮೆಮೋರಿಯಲ್ ಡೇ. ಯುದ್ಧಗಳಲ್ಲಿ ಮಡಿದ ಸೈನಿಕರನ್ನು ನೆನೆಯಲೆಂದೇ ಗೊತ್ತುಮಾಡಿದ ರಜೆ ಇದಾದರೂ, ಉತ್ತರ ವರ್ಜೀನಿಯಾದಲ್ಲಿ ನೆಲೆಸಿರುವ ನಮ್ಮಂಥ ಅನೇಕ ಕನ್ನಡ ಕುಟುಂಬಗಳ ಪಾಲಿಗೆ ಅದು ಬಹುಕಾಲ ಮೂರು ದಿನಗಳ ಬಿಡುವು ಮಾತ್ರವಾಗಿತ್ತು. ಬಡಾವಣೆಯ ಈಜುಕೊಳ ತೆರೆಯುವುದು ಆಗಲೇ, ಹಾಸಿಗೆ ಮತ್ತು ಫ್ರಿಜ್‌ಗಳಿಗೆ ರಿಯಾಯಿತಿ ಸಿಗುವುದೂ ಆಗಲೇ. ಯಾರಾದರೊಬ್ಬರ ಹಿತ್ತಲಲ್ಲಿ ಗ್ರಿಲ್ ಹೊತ್ತಿಸಿ ಜೋಳದ ತೆನೆ ಸುಡುವುದೂ ವಾಡಿಕೆ. 2022ರಲ್ಲಿ ಮಾತ್ರ ನಾನು ಆ ದಿನವನ್ನು ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಕಳೆದೆ. ನಮ್ಮ ನೆರೆಮನೆಯ ವೃದ್ಧೆಗೆ ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಕಾರು ಓಡಿಸುವಂತಿರಲಿಲ್ಲ, ಪ್ರತಿವರ್ಷ ಅವರನ್ನು ಕರೆದೊಯ್ಯುತ್ತಿದ್ದ ಮಗಳು ಬೇರೆ ರಾಜ್ಯದಲ್ಲಿದ್ದಳು. ಬೇಲಿಯ ಆಚೆಯಿಂದ ಅವರು ಬಹಳ ಸಂಕೋಚದಿಂದ ಕೇಳಿದರು, ನಾನು ಒಪ್ಪಿಕೊಂಡೆ. ಅವರ ಕಿರಿಯ ಮಗ 2007ರಲ್ಲಿ ಇರಾಕಿನ ರಸ್ತೆಯೊಂದರಲ್ಲಿ ಹುಗಿದಿಟ್ಟಿದ್ದ ಬಾಂಬು ಸಿಡಿದು ಸತ್ತನೆಂಬುದು ನನಗೆ ಮೊದಲಿನಿಂದ ಗೊತ್ತಿತ್ತು. ಅವರ ಮನೆಯ ಕಿಟಕಿಯಲ್ಲಿ ತೂಗುವ ಪುಟ್ಟ ಪತಾಕೆಯ ಮೇಲಿನ ಚಿನ್ನದ ಬಣ್ಣದ ನಕ್ಷತ್ರವನ್ನು ವರ್ಷಗಟ್ಟಲೆ ನೋಡಿದ್ದೆ. ಮನೆಯ ಒಬ್ಬರು ಸೈನ್ಯದಲ್ಲಿದ್ದರೆ ನೀಲಿ ನಕ್ಷತ್ರ, ಅವರು ಮಡಿದರೆ ಅದರ ಜಾಗದಲ್ಲಿ ಚಿನ್ನದ್ದು. ಮೊದಲ ಮಹಾಯುದ್ಧದ ಕಾಲದಿಂದ ಬಂದ ಪದ್ಧತಿಯಿದು. ಅಂಥ ತಾಯಂದಿರನ್ನು ಇಲ್ಲಿ ಗೋಲ್ಡ್ ಸ್ಟಾರ್ ಮದರ್ ಎನ್ನುತ್ತಾರೆ.

ಆ ವರ್ಷದ ಕೊನೆಯ ಸೋಮವಾರ ಸರಿಯಾಗಿ ಮೇ 30ಕ್ಕೆ ಬಿದ್ದಿತ್ತು. ಅಂತರ್ಯುದ್ಧ ಮುಗಿದ ಮೇಲೆ, 1868ರಲ್ಲಿ, ಸತ್ತ ಸೈನಿಕರ ಸಮಾಧಿಗಳಿಗೆ ಹೂವಿನ ಅಲಂಕಾರ ಮಾಡಬೇಕೆಂದು ಜನರಲ್ ಜಾನ್ ಲೋಗನ್ ಗೊತ್ತುಪಡಿಸಿದ ದಿನವೂ ಮೇ 30ರದ್ದೇ. ಸೋಮವಾರಕ್ಕೆ ಸರಿದು ವಾರಾಂತ್ಯಕ್ಕೆ ಅಂಟಿಕೊಂಡದ್ದು 1971ರಿಂದ ಈಚೆಗೆ. ಅದಕ್ಕಿಂತ ಮುಖ್ಯವಾಗಿ, ಅಫ್ಘಾನಿಸ್ತಾನದಿಂದ ಅಮೆರಿಕದ ಕೊನೆಯ ವಿಮಾನ ಹೊರಟ ಮೇಲೆ ಬಂದ ಮೊದಲ ಮೆಮೋರಿಯಲ್ ಡೇ ಅದು. ಇಪ್ಪತ್ತು ವರ್ಷಗಳ ಯುದ್ಧ ಮುಗಿದಿತ್ತು, ಆದರೆ ಅದು ಮುಗಿದ ಬಗೆಯನ್ನು ಕುರಿತು ಮಾತನಾಡಲು ಯಾರಿಗೂ ಇಷ್ಟವಿದ್ದಂತಿರಲಿಲ್ಲ.

ಆರ್ಲಿಂಗ್ಟನ್‌ನಲ್ಲಿ ಮಣ್ಣಾದವರ ಸಂಖ್ಯೆ ಸುಮಾರು ನಾಲ್ಕು ಲಕ್ಷ. ಪೊಟೋಮ್ಯಾಕ್ ನದಿಯ ಪಶ್ಚಿಮ ದಂಡೆಯಲ್ಲಿ, ಅಂತರ್ಯುದ್ಧದಲ್ಲಿ ದಕ್ಷಿಣದ ಪಡೆಗಳನ್ನು ನಡೆಸಿದ ರಾಬರ್ಟ್ ಲೀಯ ಹೆಂಡತಿಗೆ ಸೇರಿದ್ದ ಜಮೀನನ್ನು ಉತ್ತರದವರು ವಶಪಡಿಸಿಕೊಂಡು 1864ರಲ್ಲಿ ಸ್ಮಶಾನ ಮಾಡಿದರು. ಪ್ರವಾಸಿಗರು ಸಾಮಾನ್ಯವಾಗಿ ನೋಡುವುದು ಕೆನಡಿಯ ಸಮಾಧಿ ಮತ್ತು ಅಜ್ಞಾತ ಯೋಧನ ಸಮಾಧಿಯ ಕಾವಲು ಬದಲಾಗುವ ಕ್ರಮ. ಊರಿನಿಂದ ಬಂದ ನೆಂಟರಿಗೆ ನಾನೂ ಅವನ್ನೇ ತೋರಿಸಿ ಕರೆತಂದಿದ್ದೆ. ಅಂದು ಬೆಳಿಗ್ಗೆ ಅಧ್ಯಕ್ಷರು ಪುಷ್ಪಚಕ್ರ ಇಡುವ ಸಮಾರಂಭವೂ ಅಲ್ಲಿಯೇ ಇತ್ತು. ನೆರೆಮನೆಯವರು ಅತ್ತ ತಿರುಗಿಯೂ ನೋಡಲಿಲ್ಲ. ಕುಟುಂಬದವರಿಗೆ ಕೊಡುವ ಪಾಸನ್ನು ಕಾವಲಿನವನಿಗೆ ತೋರಿಸಿ, ಎಡಕ್ಕೆ, ಬಲಕ್ಕೆ ಎಂದು ನನಗೆ ದಾರಿ ಹೇಳುತ್ತ, ಆಗ್ನೇಯ ದಿಕ್ಕಿನ ಅರವತ್ತನೆಯ ವಿಭಾಗಕ್ಕೆ ಕರೆತಂದರು. ಇರಾಕ್ ಮತ್ತು ಅಫ್ಘಾನಿಸ್ತಾನಗಳಲ್ಲಿ ಮಡಿದ ಸುಮಾರು 7,000 ಅಮೆರಿಕನ್ ಯೋಧರ ಪೈಕಿ ಸುಮಾರು 900 ಮಂದಿ ಇರುವುದು ಅಲ್ಲಿ.

ಸ್ಮಶಾನವೆಂದ ಮೇಲೆ ಮೌನವಿರುತ್ತದೆಂದು ಭಾವಿಸಿದ್ದ ನನಗೆ ಅಲ್ಲಿನ ಗದ್ದಲ ದಿಗಿಲು ಹುಟ್ಟಿಸಿತು. ಮಡಚುವ ಕುರ್ಚಿಗಳನ್ನು ಹಾಕಿಕೊಂಡು, ಐಸ್ ತುಂಬಿದ ಪೆಟ್ಟಿಗೆಗಳನ್ನು ಪಕ್ಕದಲ್ಲಿಟ್ಟುಕೊಂಡು ಸಂಸಾರಗಳೇ ಬಂದು ಕುಳಿತಿದ್ದವು. ಗಡ್ಡ ಬಿಟ್ಟ, ತೋಳಿನ ತುಂಬ ಹಚ್ಚೆಯಿದ್ದ ನಡುವಯಸ್ಸಿನ ಗಂಡಸರು ಒಂದು ಕಲ್ಲಿನ ಸುತ್ತ ನಿಂತು ಬಿಯರ್ ಡಬ್ಬಿಗಳನ್ನು ತೆರೆದು, ಒಂದನ್ನು ಕುಡಿಯದೆ ಕಲ್ಲಿನ ಮುಂದೆ ಇಟ್ಟು, ಯಾವುದೋ ಹಳೆಯ ತಮಾಷೆಗೆ ಗಟ್ಟಿಯಾಗಿ ನಗುತ್ತಿದ್ದರು. ಅವರ ನಡುವೆ ಮಕ್ಕಳು ಓಡಾಡುತ್ತಿದ್ದರು. ಒಬ್ಬ ಹುಡುಗಿ ತನ್ನ ಪದವಿ ಪ್ರದಾನದ ನಿಲುವಂಗಿ ಧರಿಸಿ ತಂದೆಯ ಕಲ್ಲಿನ ಪಕ್ಕ ಫೋಟೋ ತೆಗೆಸಿಕೊಂಡಳು. ಆತ ಸತ್ತಾಗ ಅವಳಿಗೆ ಹೆಚ್ಚೆಂದರೆ ಎರಡು ವರ್ಷವಿದ್ದಿರಬೇಕು. ಹಳೆಯ ಯುದ್ಧಗಳ ವಿಭಾಗಗಳಲ್ಲಿ ಈ ಗಲಾಟೆ ಇರಲಿಲ್ಲ. ಅಲ್ಲಿ ಮಲಗಿದವರನ್ನು ಬಲ್ಲವರೂ ಹೊರಟುಹೋಗಿದ್ದಾರೆ, ಇಲ್ಲಿಯವರ ಗೆಳೆಯರಿಗೆ ಇನ್ನೂ ತಲೆ ನರೆತಿಲ್ಲ.

ಪ್ರತಿಯೊಂದು ಕಲ್ಲಿನ ಮುಂದೆಯೂ ಒಂದು ಸಣ್ಣ ಧ್ವಜ ನೆಟ್ಟಿತ್ತು. ಮೆಮೋರಿಯಲ್ ಡೇಗೆ ಕೆಲವು ದಿನ ಮೊದಲು ಓಲ್ಡ್ ಗಾರ್ಡ್ ಎಂದು ಹೆಸರಾದ ಮೂರನೆಯ ಪದಾತಿ ರೆಜಿಮೆಂಟಿನ ಸೈನಿಕರು, ಕಲ್ಲಿಗೆ ಬೂಟಿನ ತುದಿಯನ್ನು ತಾಗಿಸಿ, ಹಿಮ್ಮಡಿ ಬಂದಲ್ಲಿ ಧ್ವಜ ಊರುತ್ತ ಹೋಗುತ್ತಾರೆ. ಹೀಗಾಗಿ ಎರಡೂವರೆ ಲಕ್ಷಕ್ಕೂ ಹೆಚ್ಚು ಧ್ವಜಗಳು ಒಂದೇ ಅಳತೆಯಲ್ಲಿ ನಿಲ್ಲುತ್ತವೆ. ಕಲ್ಲುಗಳೂ ಒಂದೇ ಬಗೆಯವು. ಬಿಳಿಯ ಅಮೃತಶಿಲೆ, 13 ಅಂಗುಲ ಅಗಲ, 4 ಅಂಗುಲ ದಪ್ಪ. ಕರ್ನಲ್ ಆಗಿದ್ದವನಿಗೂ ಆಗತಾನೆ ಸೇರಿದ ಸಿಪಾಯಿಗೂ ಅದೇ. ಅದರ ಮೇಲೆ ಧರ್ಮದ ಚಿಹ್ನೆ, ಹೆಸರು, ದರ್ಜೆ, ಹುಟ್ಟಿದ ದಿನ, ಸತ್ತ ದಿನ, ಪದಕಗಳ ಸಂಕ್ಷಿಪ್ತಾಕ್ಷರ, ಯುದ್ಧದ ಹೆಸರು. ಅನುಮತಿಸಿದ ಚಿಹ್ನೆಗಳ ಪಟ್ಟಿಯಲ್ಲಿ ಶಿಲುಬೆಯ ಜೊತೆಗೆ ಅರ್ಧಚಂದ್ರ, ಧರ್ಮಚಕ್ರ, ಓಂಕಾರ, ಸಿಖ್ಖರ ಖಂಡಾ ಎಲ್ಲವೂ ಇವೆ. ನಮ್ಮ ಕಡೆಯ ವೀರಗಲ್ಲುಗಳಲ್ಲಿ ಸತ್ತವನು ಯಾರೊಡನೆ, ಹೇಗೆ ಹೋರಾಡಿ ಬಿದ್ದನೆಂಬುದನ್ನು ಕೆಳಗಿನ ಪಟ್ಟಿಕೆಯಲ್ಲಿಯೇ ಕೆತ್ತಿರುತ್ತಾರೆ, ಮೇಲೆ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ. ಈ ಬಿಳಿಯ ಕಲ್ಲುಗಳು ಆ ಕಥೆಯನ್ನು ಹೇಳುವುದಿಲ್ಲ. ಹೇಳಬೇಕಾದವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತವರು.

ನೆರೆಮನೆಯವರು ಮಗನ ಕಲ್ಲನ್ನು ತಾವು ತಂದಿದ್ದ ಒದ್ದೆ ಬಟ್ಟೆಯಿಂದ ಒರೆಸಿ, ಕಲ್ಲಿನ ನೆತ್ತಿಯ ಮೇಲಿದ್ದ ನಾಣ್ಯಗಳನ್ನು ಮಾತ್ರ ಮುಟ್ಟದೆ ಬಿಟ್ಟರು. ಆ ನಾಣ್ಯಗಳಿಗೂ ಒಂದು ರೂಢಿಯಿದೆಯಂತೆ: ಸುಮ್ಮನೆ ಬಂದುಹೋದವನು ಒಂದು ಸೆಂಟ್ ಇಡುತ್ತಾನೆ, ತರಬೇತಿಯಲ್ಲಿ ಜೊತೆಗಿದ್ದವನು ಐದು ಸೆಂಟ್, ಒಂದೇ ತುಕಡಿಯಲ್ಲಿ ಸೇವೆ ಸಲ್ಲಿಸಿದವನು ಹತ್ತು, ಸಾಯುವಾಗ ಬಳಿಯಿದ್ದವನು ಇಪ್ಪತ್ತೈದು. ಅಂದು ಅಲ್ಲಿ ಇಪ್ಪತ್ತೈದು ಸೆಂಟಿನ ಒಂದು ನಾಣ್ಯವಿತ್ತು. ಅದನ್ನು ಇಟ್ಟವನು ಯಾರೆಂದು ಆ ತಾಯಿಗೆ ಗೊತ್ತು. ಬೆಳಗಿನ ಜಾವ ಬಂದು, ಅವರು ಬರುವ ಮೊದಲೇ ಹೊರಟುಬಿಡುತ್ತಾನಂತೆ. ಒಂದೇ ವಾಹನದಲ್ಲಿದ್ದು ಬದುಕಿ ಉಳಿದ ಅವನಿಗೆ ತಾಯಿಯಾದ ತನ್ನ ಮುಖ ನೋಡುವುದು ಇನ್ನೂ ಕಷ್ಟ, ಅದಕ್ಕೆ ತಾನು ಬೇಕೆಂದೇ ತಡವಾಗಿ ಬರುತ್ತೇನೆ ಎಂದರು.

ಆಮೇಲೆ ಅವರು ಸುದ್ದಿ ಬಂದ ದಿನವನ್ನು ಕುರಿತು ಹೇಳಿದರು. ಸೈನ್ಯ ಇಂಥ ಸುದ್ದಿಯನ್ನು ಫೋನಿನಲ್ಲಿ ಹೇಳುವುದಿಲ್ಲ. ಪೂರ್ಣ ಸಮವಸ್ತ್ರ ತೊಟ್ಟ ಇಬ್ಬರು ಮನೆ ಬಾಗಿಲಿಗೇ ಬರಬೇಕು, ಬೆಳಿಗ್ಗೆ ಐದರಿಂದ ನಡುರಾತ್ರಿಯ ಒಳಗೆ ಬರಬೇಕೆಂಬ ನಿಯಮವೂ ಇದೆ. ಮಗ ಇರಾಕಿಗೆ ಹೋದಂದಿನಿಂದ ಈ ನಿಯಮ ಗೊತ್ತಿದ್ದ ಅವರು, ರಾತ್ರಿ ಹನ್ನೆರಡು ಹೊಡೆದ ಮೇಲೆ ಮಾತ್ರ ನೆಮ್ಮದಿಯಿಂದ ಮಲಗುತ್ತಿದ್ದರಂತೆ, ಬೆಳಿಗ್ಗೆ ಐದರವರೆಗೆ ಯಾರೂ ಬರುವಂತಿಲ್ಲ ಎಂದು. ಅವರ ಮನೆಗೆ ಆ ಇಬ್ಬರು ಬಂದದ್ದು ಮಧ್ಯಾಹ್ನ, ಅವರು ತೋಟದಲ್ಲಿ ಟೊಮೆಟೊ ಗಿಡಗಳಿಗೆ ಕಡ್ಡಿ ಕಟ್ಟುತ್ತಿದ್ದಾಗ. ಬಂದವರು ಬಾಯಿ ತೆರೆಯುವ ಮೊದಲೇ, ನೀವು ತಪ್ಪು ಮನೆಗೆ ಬಂದಿದ್ದೀರಿ ಎಂದರಂತೆ. ಅನಂತರ ಡೆಲವೇರ್ ರಾಜ್ಯದ ಡೋವರ್ ವಾಯುನೆಲೆಗೆ ಶವಪೆಟ್ಟಿಗೆ ಬಂತು. ಅಲ್ಲಿಗೆ ಬರುವ ಧ್ವಜ ಹೊದಿಸಿದ ಪೆಟ್ಟಿಗೆಗಳ ಚಿತ್ರ ತೆಗೆಯಲು ಆಗ ಪತ್ರಿಕೆಗಳಿಗೆ ಅವಕಾಶವಿರಲಿಲ್ಲ. 1991ರಿಂದ ಇದ್ದ ಆ ನಿಷೇಧ, ಕುಟುಂಬ ಒಪ್ಪಿದರೆ ತೆಗೆಯಬಹುದೆಂದು ಸಡಿಲವಾದದ್ದು 2009ರಲ್ಲಿ. ಅಮೆರಿಕದ ಪಾಲಿಗೆ ಇರಾಕ್ ಯುದ್ಧದ ಅತ್ಯಂತ ರಕ್ತಸಿಕ್ತ ವರ್ಷವಾದ 2007ರಲ್ಲಿ ಇರಾಕಿನಲ್ಲಿಯೇ 900ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು, ಆದರೆ ಅವರು ಮರಳಿ ಬಂದದ್ದನ್ನು ದೇಶ ಕಣ್ಣಾರೆ ನೋಡಲಿಲ್ಲ. ನೋಡಿದ್ದರೆ ಏನಾದರೂ ಬದಲಾಗುತ್ತಿತ್ತೇ ಎಂದು ನಾನು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಬದಲಾಗುತ್ತಿರಲಿಲ್ಲವೇನೋ, ಆದರೆ ನನಗೆ ಒಂಟಿತನ ಕಡಿಮೆಯಾಗುತ್ತಿತ್ತು ಎಂದರು.

ಅವರು ವಿಶ್ರಮಿಸುತ್ತಿದ್ದಾಗ ನಾನು ಸಾಲುಗಳ ನಡುವೆ ಓಡಾಡಿದೆ. ರಾಸ್ ಮೆಕ್‌ಗಿನಿಸ್ ಎಂಬ ಹತ್ತೊಂಬತ್ತರ ಹುಡುಗನ ಕಲ್ಲು ಅಲ್ಲಿದೆ. 2006ರ ಡಿಸೆಂಬರ್ 4ರಂದು ಬಾಗ್ದಾದಿನಲ್ಲಿ ತಮ್ಮ ವಾಹನದೊಳಗೆ ಬಿದ್ದ ಗ್ರೆನೇಡಿನ ಮೇಲೆ ತನ್ನ ಮೈಯನ್ನೇ ಒಡ್ಡಿ ನಾಲ್ವರನ್ನು ಉಳಿಸಿದವನು. ಅಮೆರಿಕದ ಅತ್ಯುನ್ನತ ಶೌರ್ಯಪದಕವಾದ ಮೆಡಲ್ ಆಫ್ ಆನರ್ ಪಡೆದ ಅವನಂಥವರ ಕಲ್ಲಿನ ಮೇಲಿನ ಅಕ್ಷರಗಳಿಗೆ ಚಿನ್ನದ ಬಣ್ಣವಿರುತ್ತದೆ, ಆ ಸಾಲುಗಳಲ್ಲಿ ಕಾಣುವ ಭೇದ ಅಷ್ಟೇ. ಮೇಲ್ಗಡೆ ಗುಮ್ಮಟದಂತಹ ಕಿಂಡಿಯ ಬಳಿ ಬಂದೂಕು ಹಿಡಿದು ನಿಂತಿದ್ದ ಅವನು ಹೊರಕ್ಕೆ ಜಿಗಿದು ಪಾರಾಗಬಹುದಿತ್ತು. ಇನ್ನೊಂದು ಕಡೆ, ಅರ್ಧಚಂದ್ರದ ಚಿಹ್ನೆಯಿರುವ ಕ್ಯಾಪ್ಟನ್ ಹುಮಾಯೂನ್ ಖಾನ್ ಅವರ ಕಲ್ಲು. ಪಾಕಿಸ್ತಾನ ಮೂಲದ ತಂದೆತಾಯಿಯ ಜೊತೆ ಚಿಕ್ಕಂದಿನಲ್ಲಿ ಈ ದೇಶಕ್ಕೆ ಬಂದು, ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಈ ಅಧಿಕಾರಿ, 2004ರ ಜೂನ್ 8ರಂದು ಬಾಕುಬಾದ ಸೇನಾನೆಲೆಯ ಹೊರಗೆ ಅನುಮಾನಾಸ್ಪದವಾಗಿ ಬರುತ್ತಿದ್ದ ಟ್ಯಾಕ್ಸಿಯೊಂದನ್ನು ಕಂಡು, ತನ್ನ ಸೈನಿಕರಿಗೆ ಹಿಂದೆ ಸರಿಯಲು ಹೇಳಿ ತಾನೊಬ್ಬನೇ ಅದರ ಕಡೆ ನಡೆದರು. ಟ್ಯಾಕ್ಸಿ ಸಿಡಿಯಿತು. 2016ರಲ್ಲಿ ಅವರ ತಂದೆ ಖಿಜ್ರ್ ಖಾನ್ ಡೆಮಾಕ್ರಟಿಕ್ ಪಕ್ಷದ ಅಧಿವೇಶನದಲ್ಲಿ ಸಂವಿಧಾನದ ಕಿರುಪುಸ್ತಕವನ್ನು ಎತ್ತಿಹಿಡಿದು ಮಾತನಾಡಿದ್ದನ್ನು ನಾನು ಟಿ.ವಿ.ಯಲ್ಲಿ ನೋಡಿದ್ದೆ; ನೋಡಿ, ಅದರ ಮರುದಿನ ಕಚೇರಿಯಲ್ಲಿ ಚುನಾವಣೆಯ ಲೆಕ್ಕಾಚಾರ ಮಾತನಾಡಿದ್ದೆನೇ ಹೊರತು ಮಗನ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಹೊಸ ಕಲ್ಲುಗಳ ಕಡೆ ಜನ ಹೆಚ್ಚಿದ್ದರು. 2021ರ ಆಗಸ್ಟ್ 26ರಂದು ಕಾಬೂಲ್ ವಿಮಾನನಿಲ್ದಾಣದ ಆ್ಯಬಿ ಗೇಟಿನ ಬಳಿ ಆತ್ಮಾಹುತಿ ಬಾಂಬಿಗೆ ಬಲಿಯಾದ ಹದಿಮೂರು ಅಮೆರಿಕನ್ ಯೋಧರಲ್ಲಿ ಕೆಲವರು ಅಲ್ಲಿದ್ದಾರೆ. ಆ ಹದಿಮೂರರಲ್ಲಿ ಐವರಿಗೆ ಇಪ್ಪತ್ತೇ ವರ್ಷ, ಎಂದರೆ ಈ ಯುದ್ಧ ಶುರುವಾದ ಹೊತ್ತಿಗೆ ಅವರಿನ್ನೂ ಕೈಗೂಸುಗಳು. ಅದೇ ಸ್ಫೋಟದಲ್ಲಿ, ಓಡಿಹೋಗಲು ಗೇಟಿಗೆ ಮುಗಿಬಿದ್ದಿದ್ದ ಸುಮಾರು 170 ಮಂದಿ ಅಫ್ಘನ್ನರೂ ಸತ್ತರು. ಇರಾಕಿನಲ್ಲಿ ಸತ್ತ ನಾಗರಿಕರು ಲಕ್ಷಕ್ಕೂ ಹೆಚ್ಚು. ಈ ಮಾತನ್ನು ಇಲ್ಲಿ ಬರೆಯದೆ ಬಿಟ್ಟರೆ ನನ್ನ ಬರಹ ಅರ್ಧ ಸುಳ್ಳಾಗುತ್ತದೆ. ಸಾಮೂಹಿಕ ನಾಶದ ಅಸ್ತ್ರಗಳಿವೆಯೆಂದು ಹೇಳಿ ಹೂಡಿದ ಯುದ್ಧ ಅದು, ಅಂಥ ಅಸ್ತ್ರಗಳ ಸಂಗ್ರಹ ಅಲ್ಲಿ ಸಿಗಲಿಲ್ಲ. ಆ ಯುದ್ಧ ತಪ್ಪೆಂದು 2003ರಲ್ಲಿಯೇ ನಂಬಿದ್ದವನು ನಾನು, ಇಂದಿಗೂ ನಂಬಿದ್ದೇನೆ. ಮಗನನ್ನು ಕಳೆದುಕೊಂಡ ಆ ತಾಯಿಯೂ ಹಾಗೆಯೇ ನಂಬಿದ್ದಾರೆಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ತಪ್ಪು ಯುದ್ಧ ಎನ್ನುವವರು ಮಗನ ಬಗ್ಗೆ ಮಾತು ತೆಗೆಯುವುದಿಲ್ಲ, ಮಗನನ್ನು ಹೊಗಳುವವರು ಯುದ್ಧದ ಬಗ್ಗೆ ಪ್ರಶ್ನೆ ಕೇಳಲು ಬಿಡುವುದಿಲ್ಲ, ಎರಡನ್ನೂ ಒಟ್ಟಿಗೆ ಮಾತನಾಡಲು ಸಾಧ್ಯವಿರುವುದು ಈ ಹುಲ್ಲಿನ ಮೇಲೆ ಮಾತ್ರ ಎಂದು ಅವರು ಹೇಳಿದರು.

ಮಧ್ಯಾಹ್ನ ಮೂರು ಗಂಟೆಗೆ ದೇಶವಿಡೀ ಒಂದು ನಿಮಿಷ ನಿಲ್ಲಬೇಕೆಂದು 2000ದಲ್ಲಿ ಇಲ್ಲಿನ ಸಂಸತ್ತಾದ ಕಾಂಗ್ರೆಸ್ ಕಾನೂನು ಮಾಡಿದೆ. ಅಷ್ಟು ಹೊತ್ತಿಗೆ ನಾವು ಮನೆಯ ದಾರಿ ಹಿಡಿದಿದ್ದೆವು. ಮಾಲ್‌ಗಳ ಮುಂದೆ ಕಾರುಗಳ ಸಾಲು ಎಂದಿನಂತೆ ಇತ್ತು. ಅವರು ಅದಕ್ಕೆ ಬೇಸರಪಡಲಿಲ್ಲ, ಮಗ ಬದುಕಿದ್ದರೆ ಅವನೂ ಅಲ್ಲಿಯೇ ಇರುತ್ತಿದ್ದ ಎಂದರು.

ಅಂದು ಸಂಜೆ ಸ್ನೇಹಿತರ ಮನೆಯ ಊಟಕ್ಕೆ ತಡವಾಗಿ ಹೋದೆ. ಎಲ್ಲಿಗೆ ಹೋಗಿದ್ದೆನೆಂದು ತಿಳಿದ ಹಿರಿಯ ಕನ್ನಡಿಗರೊಬ್ಬರು, “ಅಲ್ಲಪ್ಪಾ, ಅದು ಅವರ ಯುದ್ಧ, ಅವರ ಮಕ್ಕಳು. ನಾವು ಅಲ್ಲಿ ಹೋಗಿ ಮಾಡೋದೇನು?” ಎಂದರು. ಅವರು ಕೇಡಿನಿಂದ ಕೇಳಿದವರಲ್ಲ. ನನಗೆ ಮಾತ್ರ, ಪೌರತ್ವದ ದಿನ ಬಲಗೈ ಎತ್ತಿ ನಾವಿಬ್ಬರೂ ಹೇಳಿದ್ದ ಪ್ರಮಾಣವಚನ ನೆನಪಾಯಿತು. ಕಾನೂನು ಬಯಸಿದಾಗ ಈ ದೇಶದ ಪರವಾಗಿ ಶಸ್ತ್ರ ಹಿಡಿಯುತ್ತೇನೆ ಎಂಬ ಸಾಲು ಅದರಲ್ಲಿದೆ. ಕಡ್ಡಾಯ ಭರ್ತಿ 1973ರಲ್ಲಿಯೇ ನಿಂತುಹೋಗಿ, ಸಮವಸ್ತ್ರ ತೊಡುವವರು ಜನಸಂಖ್ಯೆಯಲ್ಲಿ ನೂರಕ್ಕೆ ಒಬ್ಬರೂ ಇಲ್ಲದ ಈ ಕಾಲದಲ್ಲಿ, ಆ ಸಾಲನ್ನು ನಾವು ಬಾಯಿಪಾಠದಂತೆ ಹೇಳಿ, ಕೈಗೆ ಕೊಟ್ಟ ಪುಟ್ಟ ಧ್ವಜವನ್ನು ಬೀಸಿ, ಊಟಕ್ಕೆ ಹೋಗಿದ್ದೆವು. ಇರಾಕಿನಲ್ಲಿ ಮೊದಲು ಸತ್ತವರ ಪೈಕಿ ಒಬ್ಬನಾದ, ಗ್ವಾಟೆಮಾಲಾದಿಂದ ಬಂದ ಹೊಸೆ ಗುಟಿಯೆರೆಸ್ ಎಂಬ ಮರೀನ್ ಯೋಧನಿಗೆ ಆ ಪ್ರಮಾಣ ಮಾಡುವ ಅವಕಾಶವೂ ಸಿಗಲಿಲ್ಲ. ಪೌರತ್ವ ಬಂದದ್ದು ಸತ್ತ ಮೇಲೆ. ನಾವು ತೆರಿಗೆ ಕಟ್ಟಿದ್ದೇವೆ, ಮತ ಹಾಕಿದ್ದೇವೆ, ಈ ಎರಡೂ ಯುದ್ಧಗಳ ಖರ್ಚಿನಲ್ಲಿ ನಮ್ಮ ಪಾಲೂ ಇದೆ. ಹೀಗಿರುವಾಗ ಅವರ ಯುದ್ಧ ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಇಷ್ಟನ್ನು ಹೇಳಿದೆ. ಅವರು ಸುಮ್ಮನಿದ್ದು, ಆಮೇಲೆ ನೆರೆಮನೆಯವರ ಆ ಹುಡುಗನ ಹೆಸರೇನೆಂದು ಕೇಳಿದರು. ಹೇಳಿದೆ.