ಬೆಣಚುಕಲ್ಲಲ್ಲ, ಅದರ ಪಕ್ಕದ ಕಲ್ಲು ನೋಡಿ

ಚಿನ್ನ ಹುಡುಕುವ ಡ್ರಿಲ್ಲಿಂಗ್ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರೆಲ್ಲ ಒಂದು ವಿಷಯದಲ್ಲಿ ಒಂದೇ. ಕೊರೆದು ತೆಗೆದ ಕಲ್ಲಿನ ಕೋಲು, ಅಂದರೆ ಕೋರ್, ಇಟ್ಟ ಬಾಕ್ಸ್ ಮುಚ್ಚಳ ತೆಗೆದ ಕೂಡಲೇ ಕಣ್ಣು ಹೋಗುವುದು ಬೆಣಚುಕಲ್ಲಿನ ಮೇಲೆ. ಕೊರೆಯುವ ಯಂತ್ರ (ರಿಗ್) ನಡೆಸುವ ಹುಡುಗರೂ ಹಾಗೇ. "ಸರ್, ಬಿಳಿ ಕಲ್ಲ್ ಬಂತ್ ನೋಡ್ರಿ" ಅಂತ ದೂರದಿಂದಲೇ ಕೂಗುತ್ತಾರೆ. ಬೆಣಚು ಮುಖ್ಯ, ಇಲ್ಲ ಅನ್ನಲ್ಲ. ಆದರೆ ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಪಟ್ಟಿಯ ಕಲ್ಲು ಓದುವಾಗ ನಾನು ಮೊದಲು ನೋಡುವುದು ಅದರ ಎರಡು ಪಕ್ಕದ ಕಪ್ಪು ಕಲ್ಲನ್ನು.

ಯಾಕೆ ಅಂದ್ರೆ, ಚಿನ್ನ ಅಲ್ಲಿಗೆ ಬಂದ ದಾರಿ ಅಂಥದ್ದು. ಹಟ್ಟಿಯ ಕಪ್ಪು ಕಲ್ಲು ಮೂಲದಲ್ಲಿ ಲಾವಾ. 250 ಕೋಟಿ ವರ್ಷಕ್ಕಿಂತ ಹಳೆಯದು. ಆಮೇಲೆ ಅದು ನೆಲದಾಳಕ್ಕೆ ಹೋಗಿ ಬೆಂದು, ಒತ್ತಡಕ್ಕೆ ಸಿಕ್ಕಿ, ಕೆಲವು ಕಡೆ ಎಳೆ ಎಳೆಯಾಗಿ ಜಾರಿತು. ಇದನ್ನೇ ನಾವು ಶಿಯರ್ ಝೋನ್ ಅನ್ನುವುದು. ಆಳದ ಬಿಸಿನೀರಿಗೆ ಮೇಲೆ ಬರಲು ಸುಲಭವಾದ ದಾರಿ ಇದೇ. ಆ ನೀರಿನಲ್ಲಿ ಗಂಧಕವಿತ್ತು. ಗಂಧಕದ ಜೊತೆ ಸೇರಿಕೊಂಡು ಚಿನ್ನವೂ ಕರಗಿತ್ತು. ಕಪ್ಪು ಕಲ್ಲಿನಲ್ಲಿ ಕಬ್ಬಿಣ ಜಾಸ್ತಿ ಅಲ್ವಾ? ಗಂಧಕ ಚಿನ್ನವನ್ನು ಬಿಟ್ಟು ಕಬ್ಬಿಣದ ಜೊತೆ ಸೇರಿ ಪೈರೈಟ್‌ನಂಥ ಖನಿಜವಾಯಿತು. ಹಿಡಿದುಕೊಳ್ಳಲು ಯಾರೂ ಇಲ್ಲದ ಚಿನ್ನ ಅಲ್ಲೇ ಉಳಿಯಿತು. ಅದೇ ನೀರು ತಂದ ಪೊಟ್ಯಾಸಿಯಂನಿಂದ ಹಸಿರುಗಪ್ಪು ಕಲ್ಲು ಕಂದುಗಪ್ಪು ಅಭ್ರಕವಾಯಿತು. ಬಿರುಕಿನಲ್ಲಿ ಉಳಿದ ಸಿಲಿಕಾ ಬೆಣಚಾಯಿತು. ಹಾಗಾಗಿ ಬೆಣಚಿನಲ್ಲೂ ಚಿನ್ನ ಸಿಗುತ್ತದೆ, ಅಭ್ರಕದಲ್ಲೂ ಸಿಗುತ್ತದೆ. ಅಭ್ರಕವೇ ಇಲ್ಲದೆ ಬೆಣಚು ಮಾತ್ರ ಬಂದರೆ ನನಗೆ ಅಷ್ಟೇನೂ ಆಸೆ ಹುಟ್ಟುವುದಿಲ್ಲ.

ಕೋರ್ ಮೇಲೆ ನೀರು ಹಾಕಿ ನೋಡಿ. ಒಣಗಿದ್ದಾಗ ಎಲ್ಲಾ ಬೂದು. ಒದ್ದೆಯಾದರೆ ಹಸಿರುಗಪ್ಪು ಎಲ್ಲಿ ಮುಗಿಯಿತು, ಕಂದು ಎಲ್ಲಿ ಶುರುವಾಯಿತು ಅನ್ನೋದು ಗೆರೆ ಎಳೆದಂತೆ ಕಾಣುತ್ತದೆ. ಆ ಗೆರೆಗೆ ಲೆನ್ಸ್ ಹಿಡಿಯಿರಿ. ಹಳದಿ ಚುಕ್ಕಿ ಕಂಡರೆ ಸೂಜಿಯಿಂದ ಚುಚ್ಚಿ. ಪುಡಿಯಾದರೆ ಪೈರೈಟ್. ಸೂಜಿ ಮೆತ್ತಗೆ ಇಳಿದು ಗುಳಿ ಬಿದ್ದರೆ ಚಿನ್ನ. ಆವತ್ತು ಕ್ಯಾಂಪಿನಲ್ಲಿ ಎಲ್ಲರಿಗೂ ಚಹಾ ನಿಮ್ಮ ಲೆಕ್ಕದಲ್ಲಿ!

ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಲೆಕ್ಕ ಹಾಕಿ ನೋಡಿ. ಎನ್‌ಕ್ಯೂ ಅನ್ನುವ ಅಳತೆಯ ಕೋರ್‌ನ ಅಡ್ಡಳತೆ 47.6 ಮಿಲಿಮೀಟರ್. ಒಂದು ಮೀಟರ್ ಉದ್ದದ್ದನ್ನು ಅರ್ಧಕ್ಕೆ ಸೀಳಿದರೆ ಸುಮಾರು ಎರಡೂವರೆ ಕೆಜಿ. ಟನ್ನಿಗೆ 3 ಗ್ರಾಂ ಇರುವ ಒಳ್ಳೆಯ ಅದಿರಾದರೂ ಅದರಲ್ಲಿ ಚಿನ್ನ ಏಳೆಂಟು ಮಿಲಿಗ್ರಾಂ ಅಷ್ಟೇ. ಮಾಮೂಲಿ ಕಲ್ಲಿನಲ್ಲಿ ಒಂದು ಇಡೀ ಟನ್ನಿಗೇ ಕೆಲವು ಮಿಲಿಗ್ರಾಂ. ಪ್ರಕೃತಿ ಸಾವಿರಾರು ಪಟ್ಟು ಒಟ್ಟುಗೂಡಿಸಿದ ಮೇಲೂ ನಮ್ಮ ಕಣ್ಣಿಗೆ ಬೀಳಲ್ಲ. ಅದಕ್ಕೇ ಚಿನ್ನವನ್ನಲ್ಲ, ಅದು ಬಂದುಹೋದ ಗುರುತನ್ನು ಹುಡುಕಬೇಕು.

ಬೇರೆ ಖನಿಜಗಳ ಕಥೆ ಬೇರೆ. ಹಾಸನದ ನುಗ್ಗೇಹಳ್ಳಿ ಪಟ್ಟಿಯ ಕ್ರೋಮೈಟ್ (ಕ್ರೋಮಿಯಂ ಅದಿರು) ಕರಗಿದ ಶಿಲಾರಸದಲ್ಲೇ ಹರಳುಗಟ್ಟಿದ್ದು. ಸಂಡೂರಿನ ಕಬ್ಬಿಣ ಹಳೆಯ ಸಮುದ್ರದ ತಳದಲ್ಲಿ ಕೂತಿದ್ದು, ಆಮೇಲೆ ನೀರು ಸಿಲಿಕಾ ತೊಳೆದುಕೊಂಡು ಹೋದ ಕಡೆ ಗಟ್ಟಿ ಅದಿರಾಯಿತು. ಬೆಳಗಾವಿಯ ಬಾಕ್ಸೈಟ್ (ಅಲ್ಯೂಮಿನಿಯಂ ಅದಿರು) ಮಳೆ ಬಿಸಿಲಿಗೆ ಕಲ್ಲು ಕೊಳೆತು ಉಳಿದದ್ದು, ಗುಡ್ಡದ ನೆತ್ತಿಯಲ್ಲೇ ಸಿಗುತ್ತದೆ. ಅದಕ್ಕೆ ಹಟ್ಟಿಯಲ್ಲಿ ಕೊರೆದಂತೆ ನೂರಾರು ಮೀಟರ್ ಕೊರೆಯುತ್ತಾ ಕೂತರೆ ಸುಮ್ನೆ ಡೀಸೆಲ್ ದಂಡ.

ಹಟ್ಟಿಯಲ್ಲಿ ನಮಗಿಂತ ಮೊದಲು ಈ ಕಲ್ಲು ಓದಿದವರಿದ್ದಾರೆ. ಅಲ್ಲಿನ ಪ್ರಾಚೀನ ಗಣಿಗಳಲ್ಲಿ ಸಿಕ್ಕ ಮರದ ತುಂಡುಗಳಿಗೆ ಸುಮಾರು 2000 ವರ್ಷ ವಯಸ್ಸು. 1915ರಲ್ಲಿ ಮಸ್ಕಿಯಲ್ಲಿ ಅಶೋಕನ ಶಾಸನ ಪತ್ತೆ ಮಾಡಿದ ಬೀಡನ್ ಕೂಡ ಚಿನ್ನದ ಗಣಿಯ ಇಂಜಿನಿಯರ್. ಹಳೆಯ ಗುಂಡಿ, ಅರೆದ ಕಲ್ಲಿನ ರಾಶಿ ಕಂಡರೆ ನಾನು ನಕ್ಷೆಯಲ್ಲಿ ತಪ್ಪದೆ ಗುರುತು ಹಾಕುತ್ತೇನೆ. ಲೆನ್ಸ್, ಲ್ಯಾಬ್ ಇಲ್ಲದೆ ಅವರು ಹಿಡಿದ ಜಾಗ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ.

ಇನ್ನು ಸ್ಯಾಂಪಲ್ ವಿಷಯ. ಬೆಣಚು ಮತ್ತು ಅಭ್ರಕವನ್ನು ಒಂದೇ ಚೀಲಕ್ಕೆ ತುಂಬಬೇಡಿ, ಗೆರೆ ಇರುವಲ್ಲೇ ಸ್ಯಾಂಪಲ್ ಬದಲಿಸಿ. ಇಲ್ಲದಿದ್ದರೆ ಚಿನ್ನ ಯಾವುದರಲ್ಲಿತ್ತು ಅಂತ ಲ್ಯಾಬ್ ವರದಿ ಹೇಳುವುದಿಲ್ಲ. ಬೆಣಚು ಮುಗಿಯಿತು ಅಂತಲೂ ನಿಲ್ಲಿಸಬೇಡಿ. ಎರಡೂ ಕಡೆ ಅಭ್ರಕ ಮುಗಿದು ಹಸಿರುಗಪ್ಪು ಕಲ್ಲು ಬಂದ ಮೇಲೂ ಒಂದೆರಡು ಮೀಟರ್ ತೆಗೆಯಿರಿ. ಲ್ಯಾಬ್ ಬಿಲ್ ನೋಡಿ ಆಫೀಸಿನಿಂದ ಫೋನ್ ಬರುತ್ತದೆ. ಬರಲಿ ಬಿಡಿ. ಆರು ತಿಂಗಳಾದ ಮೇಲೆ ಶೆಡ್‌ನಲ್ಲಿ ಬಾಕ್ಸ್ ಹುಡುಕಿ ಮತ್ತೆ ಕೋರ್ ಸೀಳುವುದಕ್ಕಿಂತ ಅದು ಅಗ್ಗ.